ನಮ್ಮ ಮಾವ ಮತ್ತು ಕರಿನಾಲಿಗೆ ಕಾಳ

ನಮ್ಮ ಸೋದರಮಾವನಿಗೆ ಒಳ್ಳೆಯವರನ್ನು ಕಂಡರೆ ಆಗುತ್ತಿರಲಿಲ್ಲ. ನಿಜವಾಗಿಯೂ! ಯಾರಾದರೂ "ಅವರು ಬಾಳ ಒಳ್ಳೇವ್ರು ಕಣಪ್ಪ" ಅಂದರೆ ಸಾಕು, "ಏನು ಮಾಡವ್ರೆ ಅಂತ?" ಎಂದು ಹುಬ್ಬೇರಿಸುತ್ತಿದ್ದ. ಒಳ್ಳೆಯವರು ಏನೂ ಮಾಡುವುದಿಲ್ಲ, ಮಾಡುವುದೆಲ್ಲ ಕೆಟ್ಟವರೇ, ಒಳ್ಳೆಯವರು ಆಮೇಲೆ ಬಂದು ಸರಿಪಡಿಸುತ್ತಾರೆ ಅಷ್ಟೇ ಅನ್ನುವುದು ಅವನ ಸಿದ್ಧಾಂತ. ಈ ಜ್ಞಾನ ಅವನಿಗೆ ಯಾವ ಸ್ವಾಮಿಗಳಿಂದ ಬಂತು ಅಂತೀರಾ? ಕೆ.ಆರ್. ಪೇಟೆ ಬಸ್‌ಸ್ಟ್ಯಾಂಡಿನ ಹತ್ತಿರ ಬಾಡಿಗೆಗೆ ಕೊಡುತ್ತಿದ್ದ ಮಕ್ಕಳ ಚಿತ್ರಕಥೆ ಪುಸ್ತಕಗಳಿಂದ!

ತೊಂಬತ್ತರ ದಶಕದ ಮಾತು. ಮಾವನಿಗೆ ಮೂವತ್ತು ದಾಟಿತ್ತು. ಶೀಳನೆರೆಯಲ್ಲಿ ಜಮೀನು, ಒಂದು ಜೊತೆ ಎತ್ತು, ಒಂದು ಗಾಡಿ, ಪೊದೆ ಮೀಸೆ ಎಲ್ಲ ಇತ್ತು; ಮದುವೆಯೊಂದು ಆಗಿರಲಿಲ್ಲ. ಆ ಮೀಸೆ ಹೊತ್ತುಕೊಂಡು ಅಂಗಡಿಯ ಮುಂದೆ ಚಡ್ಡಿ ಹಾಕಿದ ಹುಡುಗರ ಜೊತೆ ನಿಂತು "ಕರಿನಾಲಿಗೆ ಕಾಳ ಬಂದನಾ?" ಎಂದು ಕೇಳುತ್ತಿದ್ದ. ಕರಿನಾಲಿಗೆ ಕಾಳ ಆ ಪುಸ್ತಕಗಳ ವಿಲನ್ನು. ಅವನು ಬಾಯಿಬಿಟ್ಟು ಕೆಟ್ಟದ್ದು ನುಡಿದರೆ ಅದು ನಡೆದೇ ತೀರುತ್ತಿತ್ತು. ಇವನ ವಿರುದ್ಧ ಬಿಳಿ ಉಡುಪಿನ ಒಬ್ಬ ವೀರ ಇದ್ದ, ಅವನ ಹೆಸರು ನಮ್ಮ ಮಾವನಿಗೆ ನೆನಪಿರುತ್ತಿರಲಿಲ್ಲ. "ಆ ಬೆಳ್ಳಗಿರೋನು" ಅನ್ನುತ್ತಿದ್ದ, ಅಷ್ಟೇ.

ಒಂದು ಸಂಚಿಕೆಯಲ್ಲಿ ಮಾತ್ರ ಅನಾಹುತವಾಯಿತು. ಕಾಳನನ್ನು ಒಳ್ಳೆಯವನನ್ನಾಗಿ ಮಾಡಿಬಿಟ್ಟರು! ಚಿಕ್ಕಂದಿನಲ್ಲಿ ಅವನಿಗೆ ತಾಯಿ ಇರಲಿಲ್ಲವಂತೆ, ಊರವರು ಹೊಡೆದರಂತೆ, ಅದಕ್ಕೇ ಕೆಟ್ಟನಂತೆ, ಈಗ ಬಡವರಿಗಾಗಿ ಹೋರಾಡುತ್ತಾನಂತೆ. ಅದನ್ನು ಮಾವ ಓದಿದ್ದು ಮಾಕವಳ್ಳಿಯಲ್ಲಿ, ಸಕ್ಕರೆ ಕಾರ್ಖಾನೆಯ ಮುಂದೆ ಕಬ್ಬಿನ ಗಾಡಿಗಳ ಸಾಲಿನಲ್ಲಿ. ಆ ಸಾಲು ಅಂದರೆ ಗೊತ್ತಲ್ಲ, ಅಲ್ಲೇ ಉಣ್ಣಬೇಕು, ಅಲ್ಲೇ ಮಲಗಬೇಕು. ಹೊತ್ತು ಹೋಗಲಿ ಅಂತ ಮಾವ ಎಲ್ಲರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದುತ್ತಿದ್ದ. ಅವತ್ತು ಓದಿ ಮುಗಿಸಿ ಪುಸ್ತಕವನ್ನು ಗಾಡಿಯ ಮೂಕಿಮರಕ್ಕೆ ಬಡಿದನಂತೆ.

"ಪಾಪ, ಕೆಟ್ಟೋನ್ಗೂ ಒಂದು ಮನ್ಸು ಅಂತ ಇರ್ತದೆ ಕಣ್ಲಾ. ಇಂಗೇ ಚೆಂದಾಗದೆ" ಎಂದ ಹಿಂದಿನ ಗಾಡಿಯವನು.

"ಏನ್ಲಾ ಚೆಂದ? ಚಿಕ್ಕೋನಾಗಿದ್ದಾಗ ಏಟು ತಿಂದೋರೆಲ್ಲ ಊರು ಸುಡ್ತಾರಾ? ನಮ್ಮಪ್ಪ ನಂಗೆ ಬಾರುಕೋಲಲ್ಲೇ ಬಾರಿಸ್ತಿದ್ದ. ನಾನೇನು ಕನ್ನಂಬಾಡಿ ಕಟ್ಟೆ ಒಡೆಯಕ್ಕೆ ಓಗಿದ್ನಾ? ಕೆಟ್ಟೋನು ಅಂದ್ಮೇಲೆ ಕೊನೇಗಂಟ ಕೆಟ್ಟೋನಾಗೇ ಇರ್ಬೇಕು. ಸಬೂಬು ಯೋಳಬಾರ್ದು!"

ವಾದ ಜೋರಾಯಿತು. ಅರ್ಧ ಸಾಲು ಮಾವನ ಕಡೆ, ಅರ್ಧ ಸಾಲು ತಾಯಿಯಿಲ್ಲದ ಕಾಳನ ಕಡೆ. ಅಷ್ಟರಲ್ಲಿ ಮುಂದಿನ ಗಾಡಿಗಳು ಸರಿದವು, ವಾದದಲ್ಲಿ ಆಸಕ್ತಿಯಿಲ್ಲದವರು ಸಂದಿಯಲ್ಲಿ ತೂರಿಕೊಂಡು ಮುಂದೆ ಹೋದರು. ಮಾವನ ಕಬ್ಬು ಇನ್ನೂ ಒಂದು ದಿನ ಒಣಗಿತು.

ಅವನ ಖಳತನ ಬರೀ ಬಾಯಿಮಾತಲ್ಲ, ನಮ್ಮ ಮನೆಯಲ್ಲಿ ಅದಕ್ಕೆ ಒಳ್ಳೆ ಉಪಯೋಗವಿತ್ತು. ನಮ್ಮದು ಪಾಂಡವಪುರ ತಾಲ್ಲೂಕು, ತೊಣ್ಣೂರಿನ ಹತ್ತಿರ. ನಮ್ಮಪ್ಪ ಸಾಕ್ಷಾತ್ ಒಳ್ಳೆಯವರು, ಅಂದರೆ ಯಾರಿಗೂ ಇಲ್ಲ ಅನ್ನಲಾರದವರು. ಒಮ್ಮೆ ನಾಟಿ ದಿನವೇ ಪಕ್ಕದ ಹೊಲದವರು ನಮ್ಮ ಎತ್ತು ಕೇಳಲು ಬಂದರು. ಅಪ್ಪ "ಕೊಡಾಣ ಬುಡಿ" ಅಂದೇಬಿಟ್ಟರು. ಜಗಲಿ ಮೇಲೆ ಕಾಲು ಚಾಚಿಕೊಂಡಿದ್ದ ಮಾವ, "ಕೊಡಾಕಿಲ್ಲ. ನಾನು ಶೀಳನೆರೆಗೆ ಒಡ್ಕೊಂಡೋಯ್ತಾ ಇವ್ನಿ" ಎಂದ. ಬಂದವರು ಮಾವನನ್ನು ಬೈದುಕೊಂಡು ಹೋದರು, ಅಪ್ಪನಿಗೆ ನಮಸ್ಕಾರ ಮಾಡಿ ಹೋದರು! ನಾಟಿ ಆಯಿತು. ಅಪ್ಪ ಒಳ್ಳೆಯವರಾಗಿಯೇ ಉಳಿದರು.

ಆದರೆ ಅಪ್ಪನ "ಆಗ್ಲಿ ಬುಡಿ" ಒಂದು ದಿನ ನನ್ನ ತಲೆಗೇ ಬಂತು. ನಾಗಮಂಗಲದ ಕಡೆಯ ದೊಡ್ಡ ಮನೆಯವರು ಅವರ ಮಗನಿಗೆ ನನ್ನನ್ನು ಕೇಳಿದರು, ಅಪ್ಪ ಮಾತು ಕೊಟ್ಟರು. ನಾನು ಆಗಷ್ಟೇ ಪಿಯುಸಿ ಪಾಸಾಗಿದ್ದೆ. ಮಂಡ್ಯದಲ್ಲಿ ಟಿ.ಸಿ.ಎಚ್. ಸೀಟು ಸಿಕ್ಕಿತ್ತು. ಟೀಚರಾಗಬೇಕು ಅನ್ನುವುದು ಬಿಟ್ಟರೆ ನನಗೆ ಬೇರೆ ಆಸೆಯೇ ಇರಲಿಲ್ಲ. ಅಪ್ಪನಿಗೆ ಹೇಳೋಣವೆಂದರೆ ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಳ್ಳುವವರಲ್ಲ. ಹಿತ್ತಲಲ್ಲಿ ಕೂತು ಅಳುತ್ತಿದ್ದಾಗ ಸಿಕ್ಕಿದವನು ಮಾವ.

"ಗಂಡು ಬ್ಯಾಡವಾ?"

"ಓದ್ಬೇಕು ಮಾವ."

"ಸರಿ, ಮೂಗು ಒರೆಸ್ಕೊ" ಎಂದು ಎದ್ದು ಹೋದ.

ವೀಳ್ಯಶಾಸ್ತ್ರದ ದಿನ ನಾಗಮಂಗಲದವರು ವ್ಯಾನು ತುಂಬ ಬಂದರು. ಗಂಡಿನ ದೊಡ್ಡಪ್ಪ ಎಲೆ ಅಡಿಕೆ ತಟ್ಟೆಗೆ ಕೈ ಚಾಚಿದರು. ಆಗ ಬಂತು ಜಗಲಿಯಿಂದ ಧ್ವನಿ: "ತಟ್ಟೆ ಕೆಳಗಿಡಿ ಗೌಡ್ರೆ."

"ಯಾರಪ್ಪ ನೀನು?"

"ಎಣ್ಣಿನ ಸೋದರಮಾವ. ಇನ್ನೂ ಮದ್ವೆ ಆಗಿಲ್ಲ. ಈ ಎಣ್ಣಿನ ಮೇಲೆ ಮೊದಲ್ನೇ ಹಕ್ಕು ನಂದು."

ನಮ್ಮ ಕಡೆ ಅಕ್ಕನ ಮಗಳನ್ನು ಮಾವ ಕೇಳಿದರೆ ಬೇರೆಯವರು ಕೈಹಾಕುವಂತಿಲ್ಲ. ದೊಡ್ಡಪ್ಪ ಸಿಟ್ಟಿನಿಂದ, "ಇಷ್ಟು ದಿನ ಎಲ್ಲಿದ್ದಪ್ಪ?" ಎಂದರು.

"ಕಬ್ಬು ಸಾಗಿಸ್ತಿದ್ದೆ."

ಅವರು ಉಗಿದು ಎದ್ದರು. ಎದ್ದರೂ ಮಾಡಿದ ಒಬ್ಬಟ್ಟು ಊಟ ಮಾಡಿಯೇ ಹೋದರು ಅನ್ನಿ, ಅದು ಬೇರೆ ವಿಷಯ. ಆಮೇಲೆ ನಮ್ಮಪ್ಪ, ಒಳ್ಳೆಯವರಲ್ಲವೇ, ನಿಟ್ಟುಸಿರುಬಿಟ್ಟು, "ಆಗ್ಲಿ ಬುಡು. ನೀನೇ ಕಟ್ಕೊ" ಅಂದುಬಿಟ್ಟರು! ಮಾವನ ಮುಖ ನೋಡಬೇಕಿತ್ತು ನೀವು. ಎತ್ತಿ ಆಡಿಸಿದ ಮಗುವನ್ನು ಕಟ್ಟಿಕೊಳ್ಳುವುದೇ! ಬೆವರಿಬಿಟ್ಟ. ಆದರೂ ಖಳನಾಯಕನಲ್ಲವೇ, ಸುಧಾರಿಸಿಕೊಂಡು ಮೀಸೆ ತಿರುವಿ ಹೇಳಿದ: "ಈಗ್ಲೇ ಬ್ಯಾಡ. ನಾನು ಕಟ್ಕೊಂಡ್ರೆ ಟೀಚರ್ನೇ ಕಟ್ಕೊಳ್ಳೋದು. ಮೊದ್ಲು ಟಿ.ಸಿ.ಎಚ್. ಮುಗಿಸ್ಲಿ."

"ಕಬ್ಬಿನ ಗಾಡಿಯೋನಿಗೆ ಟೀಚರ್ ಬೇಕಂತೆ!" ಎಂದು ಊರೆಲ್ಲ ನಕ್ಕಿತು. ನಾನು ಮಂಡ್ಯಕ್ಕೆ ಹೋಗಿ ಓದಿದೆ. ಮಾವ ಕಾಯ್ದಿರಿಸಿದ ಹುಡುಗಿ ಅಂತ ಯಾವ ಗಂಡಿನ ಕಡೆಯವರೂ ನಮ್ಮ ಬಾಗಿಲು ತಟ್ಟಲಿಲ್ಲ. ಮಾವನಂತೂ ನಮ್ಮ ಊರ ದಾರಿಯನ್ನೇ ಬಿಟ್ಟಿದ್ದ. ಓದು ಮುಗಿದು, ಶ್ರೀರಂಗಪಟ್ಟಣದ ಹತ್ತಿರ ಶಾಲೆಯಲ್ಲಿ ಕೆಲಸವೂ ಸಿಕ್ಕಿದ ಮೇಲೆ ಬಂದ. ಅಮ್ಮ ಮುಹೂರ್ತದ ಮಾತು ಎತ್ತಿದಳು. ಮಾವ ಕಾಫಿ ಕುಡಿದು ಲೋಟ ಕೆಳಗಿಟ್ಟು, "ನಂಗೆ ಬ್ಯಾಡ ಕಣಕ್ಕ. ಟೀಚರು ಅಂದ್ರೆ ಮನೇಲೂ ಪಾಠ ಮಾಡ್ತಾಳೆ" ಎಂದ.

ಅಮ್ಮನ ಬಾಯಿಂದ ಬಂದ ಬೈಗುಳಗಳನ್ನು ಬರೆದರೆ ಯಾರೂ ಅಚ್ಚು ಹಾಕಲಾರರು. ಕೊನೆಗೆ ಅಳುತ್ತ, "ನನ್ನ ಮಗಳ ಬಾಳು ಆಟ ಆಡ್ಸಿದ್ಯಲ್ಲೋ. ಇನ್ಮೇಲೆ ಈ ಒಸ್ಲು ತುಳೀಬೇಡ" ಅಂದಳು. ಮಾವ ಚಪ್ಪಲಿ ಮೆಟ್ಟಿ ಹೊರಟುಹೋದ. ಅಮ್ಮ ಅವನನ್ನು ಎತ್ತಿ ಬೆಳೆಸಿದವಳು. ಆಮೇಲೆ ಅವನ ಹೆಸರೂ ಎತ್ತಲಿಲ್ಲ.

ನನಗೆ ತಡೆಯಲಾಗಲಿಲ್ಲ. ಮಾಕವಳ್ಳಿಗೇ ಹೋಗಿ ಗಾಡಿ ಸಾಲಿನಲ್ಲಿ ಅವನನ್ನು ಹುಡುಕಿ, "ಅಮ್ಮಂಗೆ ಎಲ್ಲಾ ಯೋಳ್ಬುಡ್ತೀನಿ ಮಾವ" ಅಂದೆ.

"ಯೋಳಿದ್ರೆ ನಾನು ಒಳ್ಳೇವ್ನಾಯ್ತೀನಿ, ಸರಿ. ಆಗ ಕೆಟ್ಟೋರು ಯಾರು? ಮಗಳ ಮನ್ಸು ಕೇಳ್ದೆ ಮಾತು ಕೊಟ್ಟ ನಿಮ್ಮಪ್ಪ. ಭಾವಂಗೆ ಆ ಪಾರ್ಟು ಮಾಡಕ್ಕೆ ಬರಾಕಿಲ್ಲ ಮಗ, ಕೊರಗಿ ಕೊರಗಿ ಸತ್ತೋಯ್ತಾರೆ. ನಂಗಾದ್ರೆ ಅಭ್ಯಾಸ ಅದೆ."

ನಾನು ಬಾಯಿ ಮುಚ್ಚಿಕೊಂಡೆ. ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ, ಚಿತ್ರವಿಲ್ಲದ್ದನ್ನು ಮಾವ ಓದುವುದಿಲ್ಲ. ಅದಕ್ಕೇ ಧೈರ್ಯವಾಗಿ ಬರೆಯುತ್ತಿದ್ದೇನೆ.

ಮಾರನೆಯ ವರ್ಷ ನಮ್ಮ ಶಾಲೆಯ ಮೇಷ್ಟರೊಬ್ಬರ ಜೊತೆ ನನ್ನ ಮದುವೆ ಗೊತ್ತಾಯಿತು. ಶ್ರೀರಂಗಪಟ್ಟಣದ ಛತ್ರ. ಹೆಣ್ಣನ್ನು ಮಂಟಪಕ್ಕೆ ಎತ್ತಿಕೊಂಡು ಬರಬೇಕಾದವನು ಸೋದರಮಾವ. ನಮ್ಮ ಮಾವನನ್ನು ಕರೆದಿರಲಿಲ್ಲ. ಅಮ್ಮನ ದೂರದ ಅಣ್ಣನೊಬ್ಬ ಪೇಟ ಕಟ್ಟಿಕೊಂಡು ತಯಾರಾಗಿದ್ದ. ಕಿಟಕಿಯಲ್ಲಿ ಇಣುಕಿದರೆ ರಸ್ತೆಯಾಚೆ ಎಳನೀರು ಗಾಡಿಯ ಪಕ್ಕದಲ್ಲಿ ಮಾವ! ಬಿಳಿ ಪಂಚೆ ಉಟ್ಟುಕೊಂಡು ಛತ್ರದ ಬಾಗಿಲನ್ನೇ ನೋಡುತ್ತ ನಿಂತಿದ್ದ. ನನ್ನ ಹಿಂದೆ ನಿಂತಿದ್ದ ಅಮ್ಮನೂ ನೋಡಿದಳು. ರೇಷ್ಮೆ ಸೀರೆ ಎತ್ತಿ ಸಿಕ್ಕಿಸಿಕೊಂಡು ಹೊರಗೆ ನಡೆದಳು.

"ಆ ಕೆಟ್ಟೋನ್ನ ಕರ್ಯಕ್ಕೆ ಓಯ್ತಿದ್ದೀಯೇನಮ್ಮಿ?" ಎಂದು ಹೆಂಗಸರು ಕೂಗಿದರು.

"ಕೆಟ್ಟೋನೇ ಕಣ್ರೀ, ಯಾರು ಅಲ್ಲ ಅಂದೋರು? ಕೆಟ್ಟೋನಾದ್ರೂ ನನ್ ತಮ್ಮ" ಎಂದಳು ಅಮ್ಮ. ರಸ್ತೆ ದಾಟಿ ಅವನ ರಟ್ಟೆ ಹಿಡಿದಳು. "ಇಲ್ಲಿ ನಿಂತ್ಕೊಂಡು ಏನ್ ನೋಡ್ತೀಯ್ಲಾ? ಮುಹೂರ್ತ ಮೀರ್ತದೆ. ಬಂದು ಎತ್ಕೊ ನಿನ್ನ ಸೊಸೇನ."

ಮಾವ ನನ್ನನ್ನು ಎತ್ತಿಕೊಂಡ. ಅಷ್ಟು ದೊಡ್ಡ ಮೀಸೆಯ ಮನುಷ್ಯ ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ಈಗ್ಲಾದ್ರೂ ಯೋಳ್ಬುಡ್ಲಾ ಮಾವ?" ಎಂದು ಅವನ ಕಿವಿಯಲ್ಲಿ ಕೇಳಿದೆ.

"ಬ್ಯಾಡ ಕಣವ್ವ" ಎಂದ. "ಅಕ್ಕ ಕೆಟ್ಟೋನ್ನೇ ಕರ್ದವ್ಳೆ. ಇನ್ನು ಒಳ್ಳೇವ್ನಾಗಿ ನಾನೇನು ಮಾಡ್ಲಿ?"