ಮೊಲದ ಕ್ಷಮಾಪಣೆಯಿಂದ ಸಿಸ್ಟರ್ ಕುವೆಲ್ಲೊ ಅವರ ಚಹಾ ವಿರಾಮವನ್ನು ರಕ್ಷಿಸುವ ಬಗ್ಗೆ

ವೃದ್ಧಾಶ್ರಮ ಆಡಳಿತ ವಿಭಾಗ, ರಿಕ್ಕರ್ಟನ್
ಸಂಖ್ಯೆ: ವೃಆ/ಉಪನಾಮ/ಮೊಲ/17/2025

ಉಲ್ಲೇಖ:
(1) ಶ್ರೀ ಅನಿಲ್ ಅವರು ಫಲಕಕ್ಕೆ ಅಂಟಿಸಿದ ‘ಸಿಬ್ಬಂದಿಯ ಹೆಸರು, ಅದರ ಅರ್ಥ’ ಪಟ್ಟಿ.
(2) ಆರಿಹೋದ ಚಹಾ, ಒಂಬತ್ತು ಲೋಟ.

ಇಲ್ಲಿನ ನರ್ಸ್, ಮಂಗಳೂರಿನ ಸಿಸ್ಟರ್ ಕೃಪಾ ಕುವೆಲ್ಲೊ ಅವರ ಉಪನಾಮಕ್ಕೆ ಪೋರ್ಚುಗೀಸಿನಲ್ಲಿ ಮೊಲವೆಂದು ಅರ್ಥವಿರುವುದು ಉಲ್ಲೇಖ (1)ರಿಂದ ಬಹಿರಂಗವಾಗಿರುತ್ತದೆ. ಅಂದಿನಿಂದ ಏಳನೇ ಕೊಠಡಿಯ ನಿವೃತ್ತ ಕುರಿಗಾಹಿ ಶ್ರೀ ಬ್ರೂಸ್ (88) ಅವರು, ತಾವು ಪ್ರಾಯದಲ್ಲಿ ಗುಂಡಿಕ್ಕಿದ ಒಂಬತ್ತು ಸಾವಿರ ಮೊಲಗಳಿಗಾಗಿ ಸಿಸ್ಟರ್ ಬಳಿ ಒಂದೊಂದಾಗಿ ಕ್ಷಮೆ ಕೋರುತ್ತಿದ್ದು, ಅದಕ್ಕೆ ಸಿಸ್ಟರ್ ಅವರ ಹತ್ತು ನಿಮಿಷದ ಚಹಾ ವಿರಾಮವನ್ನೇ ಆರಿಸಿಕೊಂಡಿರುತ್ತಾರೆ. ಐದಕ್ಕೆದ್ದು ಇಬ್ಬರು ಮಕ್ಕಳ ಡಬ್ಬಿ ಕಟ್ಟಿ ಬರುವ ಸದರಿಯವರು ದಿನದಲ್ಲಿ ಕುಳಿತುಕೊಳ್ಳುವುದು ಆ ಹತ್ತು ನಿಮಿಷ ಮಾತ್ರ. ಆದಕಾರಣ ಕೆಳಕಂಡಂತೆ ವಿಧಿಸಲಾಗಿದೆ:

1. “ಅದು ನಮ್ಮ ಮುತ್ತಜ್ಜನ ಅಜ್ಜನಿಗೆ ಜ್ಞಾನಸ್ನಾನ ಕೊಟ್ಟ ಪಾದ್ರಿಯ ಹೆಸರು ಅಂಕಲ್, ನಮ್ಮಲ್ಲಿ ಯಾರೂ ಮೊಲ ಅಲ್ಲ ಮಾರಾಯ್ರೆ” ಎಂಬ ಸಿಸ್ಟರ್ ಹೇಳಿಕೆಯನ್ನು ದಾಖಲಿಸಿಕೊಳ್ಳಲಾಗಿದೆ. “ಪಾದ್ರಿಗೂ ತಿಳಿಸಿಬಿಡಮ್ಮ” ಎಂಬ ಶ್ರೀ ಬ್ರೂಸ್ ಅವರ ಪ್ರತಿಹೇಳಿಕೆಯನ್ನೂ.

2. ದಿನಕ್ಕೆ ಒಂದೇ ಮೊಲ. ಸಿಸ್ಟರ್ ಅವರ ವಾರದ ರಜೆಯ ಮೊಲಗಳನ್ನು ಸೋಮವಾರ ಒಟ್ಟಾಗಿ ವಿಲೇವಾರಿ ಮಾಡತಕ್ಕದ್ದು. ಮರಿಗಳಿಗೆ ರಿಯಾಯಿತಿ ಇರುವುದಿಲ್ಲ.

3. ಸಿಸ್ಟರ್ ಮೇಜಿನ ಮೇಲೆ ಕ್ಯಾರೆಟ್ ಇಡುವುದನ್ನು ನಿಷೇಧಿಸಲಾಗಿದೆ. ಈಗಾಗಲೇ ಬಂದವು ಹಲ್ವಾ ಆಗಿದ್ದು, ಅದರಲ್ಲಿ ಎರಡು ಬಟ್ಟಲು ತಿಂದವರು ಶ್ರೀ ಬ್ರೂಸ್ ಅವರೇ ಎಂಬುದನ್ನು ಖೇದದಿಂದ ನಮೂದಿಸಲಾಗಿದೆ.

4. ಅಡುಗೆಮನೆಯ ಶ್ರೀ ಪ್ರಕಾಶ್ ಪಿಂಟೊ ಅವರ ಉಪನಾಮಕ್ಕೆ ಕೋಳಿಮರಿ ಎಂಬ ಅರ್ಥವಿದೆಯೆಂದು ಬುಧವಾರದ ಕೋಳಿ ಸಾರಿನ ವೇಳೆ ಯಾರೂ ಅವರಿಗೆ ಸಂತಾಪ ಸೂಚಿಸಕೂಡದು.

5. ದಿನಾಂಕ 9ರಂದು ಶ್ರೀ ಬ್ರೂಸ್ ಜ್ವರದಿಂದ ಮಲಗಿದ್ದು, ಸಿಸ್ಟರ್ ಅವರಿಗೆ ಬಿಸಿ ಚಹಾ, ಖಾಲಿ ಕುರ್ಚಿ, ಪೂರ್ತಿ ಹತ್ತು ನಿಮಿಷ ಲಭ್ಯವಾಗಿದ್ದವು. ಆದಾಗ್ಯೂ ಸದರಿಯವರು ಮೂರನೇ ನಿಮಿಷಕ್ಕೆ ಲೋಟ ಸಮೇತ ಏಳನೇ ಕೊಠಡಿಗೆ ಹೋಗಿ, “ಅಂಕಲ್, ಇವತ್ತಿನ ಮೊಲ ಬಾಕಿ ಉಂಟಲ್ಲ?” ಎಂದು ವಿಚಾರಿಸಿರುವುದು ವರದಿಯಾಗಿದೆ. ಇದು ಈ ಸುತ್ತೋಲೆಯ ಉದ್ದೇಶಕ್ಕೆ ನೇರ ವಿರುದ್ಧ. ಕ್ರಮ ಕೈಗೊಳ್ಳುವುದನ್ನು ಕೈಬಿಡಲಾಗಿದೆ.

6. ಕಂಡಿಕೆ 2ರಂತೆ ಒಂಬತ್ತು ಸಾವಿರ ಮೊಲ ಮುಗಿಯಲು ಇಪ್ಪತ್ತನಾಲ್ಕು ವರ್ಷ ಎಂಟು ತಿಂಗಳು ಬೇಕಾಗುತ್ತದೆ. ಅಲ್ಲಿಯವರೆಗೆ ಶ್ರೀ ಬ್ರೂಸ್ ಅವರು ತಪ್ಪದೆ ಬದುಕಿರತಕ್ಕದ್ದು.

ಸಹಿ/-
(ಭಾನುಮತಿ)
ಪಾಳಿ ಅಧಿಕಾರಿ

ಪ್ರತಿಗಳು:
1. ಶ್ರೀ ಅನಿಲ್ ಅವರಿಗೆ, ಇನ್ನು ಮುಂದೆ ಏನನ್ನೂ ಅಂಟಿಸದಿರಲು.
2. ಶ್ರೀ ಪಿಂಟೊ ಅವರಿಗೆ, ಬುಧವಾರ ಹೊರತುಪಡಿಸಿ.
3. ಏಳನೇ ಕೊಠಡಿಗೆ, ಇನ್ನೊಂದು ಕುರ್ಚಿ ಮತ್ತು ಇನ್ನೊಂದು ಲೋಟದೊಂದಿಗೆ.