ಕೋಚ್ ಅಂದರೆ ಬಸ್ಸಲ್ಲ

ನನ್ನ ಕೆಲಸ ಏನೆಂದು ಯಾರಿಗಾದರೂ ಹೇಳಲು ಹೋದಾಗಲೆಲ್ಲ ಒಂದಲ್ಲ ಒಂದು ಎಡವಟ್ಟು ಆಗಿಯೇ ಆಗುತ್ತದೆ. ನಾನು ಮಲೇಷ್ಯಾದ ಒಂದು ಕ್ಲಬ್ಬಿನಲ್ಲಿ ಅಮೆರಿಕನ್ ಫುಟ್‌ಬಾಲ್ ತಂಡದ ಅಸಿಸ್ಟೆಂಟ್ ಕೋಚ್. ಮೈಸೂರಿನಲ್ಲಿ ಕಬಡ್ಡಿ ಆಡಿಕೊಂಡಿದ್ದವನು ಇಲ್ಲಿನ ಶಾಲೆಯೊಂದಕ್ಕೆ ಪಿ.ಟಿ. ಮೇಷ್ಟ್ರಾಗಿ ಬಂದೆ. ಓಡುವವನನ್ನು ಹಿಡಿದು ಕೆಡವುವುದು ಗೊತ್ತಿದೆಯಲ್ಲ, ಅಷ್ಟು ಸಾಕು ಎಂದು ಕ್ಲಬ್ಬಿನವರು ಶಾಲೆ ಬಿಡಿಸಿ, ಸಂಬಳ ಕೊಟ್ಟು ಸೇರಿಸಿಕೊಂಡರು. ಎದುರಾಳಿ ಚೆಂಡು ಅಪ್ಪಿಕೊಂಡು ಓಡಿ ಬಂದರೆ ತಡೆಯುವ ಹುಡುಗರು ನನ್ನ ಪಾಲು, ಮಿಕ್ಕದ್ದೆಲ್ಲ ಹೆಡ್ ಕೋಚ್ ಪಾಲು.

ಆ ಹೆಡ್ ಕೋಚ್ ರಜೆಗೆಂದು ಅಮೆರಿಕಕ್ಕೆ ಹೋಗಿದ್ದಾಗಲೇ ಕೊರೊನಾ ಬಂತು, ಗಡಿ ಮುಚ್ಚಿತು. ಕ್ಲಬ್ಬಿನ ಅಧ್ಯಕ್ಷರು ಫೋನ್ ಮಾಡಿ, “ಅವರು ಬರೋವರೆಗೆ ಟೀಮು ನಿಮ್ಮದು. ಲಾಕ್‌ಡೌನ್ ಮುಗಿದ ಮೇಲೆ ಮೊದಲ ಮ್ಯಾಚ್ ನೋಡ್ತೀವಿ. ನಿಮ್ಮನ್ನ ಇಟ್ಕೊಳ್ಳೋದಾ ಬೇಡವಾ ಅಂತ ಆಮೇಲೆ ತೀರ್ಮಾನ, ಓಕೆ ಲಾ?” ಎಂದು ಇಲ್ಲಿನವರ ರೂಢಿಯಂತೆ ಕೊನೆಗೊಂದು ‘ಲಾ’ ಸೇರಿಸಿ ಹೇಳಿದರು. ಕೆಲಸ ಹೋದರೆ ವೀಸಾ ಹೋಯಿತು. ವೀಸಾ ಹೋದರೆ ನಾವಿರುವ ಸೈಬರ್‌ಜಯಾದ ಮನೆ, ಮಗಳ ಶಾಲೆ ಎರಡೂ ಹೋದಂತೆಯೇ. ನನಗೆ ನಿಜವಾಗಿಯೂ ಭಯವಾಯಿತು. ಹೆಂಡತಿ ಮಾತ್ರ, “ಮ್ಯಾಚ್ ಬಂದಾಗ ಹೆದರಿಕೊಳ್ಳೋಣ, ಈಗ ಸಾರು ಆರಿಹೋಗ್ತಿದೆ ಬನ್ನಿ” ಅಂದಳು.

೧. ಬಾಸ್ ಎಲ್ಲಿ?

ಲಾಕ್‌ಡೌನಿನ ಮೊದಲ ದಿನಗಳಲ್ಲಿ ಕ್ಲಬ್ಬಿನಿಂದ ಸಾಮಾನು ತರಲು ಅನುಮತಿ ಪತ್ರ ಹಿಡಿದು ಕಾರಿನಲ್ಲಿ ಹೊರಟೆ. ದಾರಿಯಲ್ಲಿ ಪೊಲೀಸರು ಅಡ್ಡ ಹಾಕಿದರು. ಹಣೆಗೆ ಯಂತ್ರ ಹಿಡಿದು ಜ್ವರ ನೋಡಿದ ಪೊಲೀಸಪ್ಪ ಏನು ಕೆಲಸ ಎಂದು ಕೇಳಿದ.

“ಅಸಿಸ್ಟೆಂಟ್ ಕೋಚ್.”

ಇಲ್ಲಿ ದೂರದ ಊರಿಗೆ ಹೋಗುವ ಬಸ್ಸಿಗೂ ಕೋಚ್ ಎನ್ನುತ್ತಾರೆ. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

“ಕೋಚೆಲ್ಲ ನಿಂತುಹೋಗಿದೆ ಲಾ! ನಿಮ್ಮ ಬಸ್ ಎಲ್ಲಿ?”

ಮಾಸ್ಕಿನೊಳಗಿಂದ ಬಂದ ಆ ಮಾತು ನನ್ನ ಕಿವಿಗೆ ‘ಬಾಸ್ ಎಲ್ಲಿ’ ಎಂದು ಬಿತ್ತು.

ಕೇಳಿದ್ದು ಹೆಡ್ ಕೋಚ್ ಬಗ್ಗೆಯಲ್ಲವೇ ಎಂದು ಮರ್ಯಾದೆಯಿಂದಲೇ ಹೇಳಿದೆ: “ಅಮೆರಿಕದಲ್ಲಿ ಸಿಕ್ಕಿಹಾಕ್ಕೊಂಡಿದ್ದಾರೆ ಸರ್. ವಿಮಾನ ಸಿಕ್ಕಿದ ಕೂಡಲೇ ಬರ್ತಾರೆ.”

ಪೊಲೀಸಪ್ಪ ನನ್ನ ಹಣೆಗೆ ಮತ್ತೆ ಯಂತ್ರ ಹಿಡಿದ. ಇನ್ನೊಂದು ಸಲ ಜ್ವರ ನೋಡಿದ.

೨. ಹಿಡಿ, ಕೆಡವು

ತರಬೇತಿ ಜೂಮ್‌ಗೆ ಬಂತು. ಇಪ್ಪತ್ತು ಜನ ಧಡಿಯರು ತಮ್ಮ ತಮ್ಮ ಮನೆಯಲ್ಲಿ ಹಾಸಿಗೆಯನ್ನು ಗೋಡೆಗೆ ಒರಗಿಸಿ ಅದರ ಮೇಲೆ ಬೀಳುವುದು, ನಾನು ಕೂಗುವುದು. ಆವೇಶ ಬಂದರೆ ನನ್ನ ಬಾಯಲ್ಲಿ ಇಂಗ್ಲಿಷ್ ನಿಲ್ಲುವುದಿಲ್ಲ. “ಹಿಡಿ! ಸೊಂಟಕ್ಕೆ ಕೈ ಹಾಕು! ಕೆಡವು! ಏಳೋಕೆ ಬಿಡಬೇಡ!”

ಕೆಳಗಿನ ಮನೆಯ ತಮಿಳು ಅಜ್ಜಿಗೆ ಕನ್ನಡ ಅರ್ಧ ಅರ್ಥವಾಗುತ್ತಿತ್ತು. ಆ ಅರ್ಧವೇ ಸಾಕಾಯಿತು. ಹತ್ತು ನಿಮಿಷದಲ್ಲಿ ಕಟ್ಟಡದ ಸೆಕ್ಯುರಿಟಿಯವರು ಬಾಗಿಲು ತಟ್ಟಿದರು. ನನ್ನನ್ನು ಮಾತಾಡಿಸದೆ ಹಿಂದೆ ನಿಂತಿದ್ದ ಹೆಂಡತಿಯನ್ನು ಕೇಳಿದರು: “ಮೇಡಮ್, ನೀವು ಕ್ಷೇಮವಾಗಿದ್ದೀರಾ? ಏನಾದ್ರೂ ಸಹಾಯ ಬೇಕಾ?”

ಲಾಕ್‌ಡೌನ್ ಶುರುವಾಗಿ ಆಗಲೇ ಎರಡು ತಿಂಗಳು ದಾಟಿತ್ತು. ಹೆಂಡತಿ ಒಂದು ಕ್ಷಣ ಯೋಚಿಸಿ ಹೇಳಿದಳು: “ನಂಗೇನೂ ಆಗಿಲ್ಲ. ಆದ್ರೆ ಇವರನ್ನ ಒಂದೆರಡು ಗಂಟೆ ಕರ್ಕೊಂಡು ಹೋಗೋದಾದ್ರೆ ನನ್ನ ಅಭ್ಯಂತರ ಇಲ್ಲ.”

೩. ಅತ್ತೆಯ ವಿಚಾರಣೆ

ಮೈಸೂರಿನಿಂದ ಅತ್ತೆ ವಿಡಿಯೋ ಕಾಲ್ ಮಾಡಿದಾಗಲೆಲ್ಲ ಇದೇ ಪ್ರಶ್ನೆ.

“ನೀವು ಆಡ್ತೀರಾ?”

“ಇಲ್ಲ ಅತ್ತೆ.”

“ಚೆಂಡು ಮುಟ್ತೀರಾ?”

“ಅದೂ ಇಲ್ಲ.”

“ಮತ್ತೆ?”

ಇಲ್ಲೇ ಬೆಳೆದ ನನ್ನ ಮಗಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. “ಅಪ್ಪ ಶೌಟ್ಸ್, ಅಜ್ಜಿ. ಅದರ್ ಪೀಪಲ್ ರನ್.”

ಅತ್ತೆ ನಿಟ್ಟುಸಿರು ಬಿಟ್ಟರು. “ನಿಮ್ಮ ತಾತ ಜೀವಮಾನವಿಡೀ ಅದನ್ನೇ ಮಾಡಿದ್ರು ಕಣೆ. ಒಬ್ರೂ ಸಂಬಳ ಕೊಡ್ಲಿಲ್ಲ.”

೪. ಎಡ, ಬಲ

ಒಂದೂವರೆ ವರ್ಷದ ಮೇಲೆ ಆ ಮೊದಲ ಮ್ಯಾಚ್ ಬಂದೇ ಬಿಟ್ಟಿತು. ಎದುರಾಳಿ ಮೆಲಾಕಾದ ತಂಡ. ಮೈದಾನದಲ್ಲಿ ಅಭ್ಯಾಸಕ್ಕೆ ಸಿಕ್ಕಿದ್ದು ಎರಡು ಸಂಜೆ, ಎರಡೂ ಸಂಜೆ ಮಳೆ ಬಂದು ಅಭ್ಯಾಸವೇ ನಿಂತುಹೋಯಿತು. ಹೆಡ್ ಕೋಚ್ ಇನ್ನೂ ಅಮೆರಿಕದಲ್ಲಿದ್ದರು. ಅಧ್ಯಕ್ಷರು ಮಾತ್ರ ಮುಂದಿನ ಸಾಲಿನಲ್ಲೇ ಕೂತಿದ್ದರು.

ನನ್ನ ಹತ್ತಿರ ಒಂದೇ ಒಂದು ಗುಟ್ಟಿತ್ತು. ಯಾವ ಕಡೆಗೆ ನುಗ್ಗಬೇಕು ಎಂಬುದು ಎದುರಾಳಿಗೆ ತಿಳಿಯದಿರಲೆಂದು ಹುಡುಗರಿಗೆ ಎರಡು ಕನ್ನಡ ಪದ ಕಲಿಸಿದ್ದೆ. ದಿನಾ ಜೂಮ್‌ನಲ್ಲಿ ಒಂದು ಕೈ ಎತ್ತಿ ‘ಎಡ’, ಇನ್ನೊಂದು ಎತ್ತಿ ‘ಬಲ’ ಎಂದು ಹೇಳಿಕೊಟ್ಟಿದ್ದೆ.

ಆಟ ಶುರುವಾಯಿತು. “ಎಡ!” ಎಂದು ಕೂಗಿದೆ. ಅಷ್ಟೂ ಜನ ಬಲಕ್ಕೆ ನುಗ್ಗಿದರು! ಆದರೆ ಚೆಂಡು ಹಿಡಿದವನೂ ನೇರವಾಗಿ ಅಲ್ಲಿಗೇ ಓಡಿಬಂದು ಅವರ ಕೈಗೆ ಸಿಕ್ಕಿಬಿದ್ದ. ಮತ್ತೆ “ಬಲ!” ಎಂದೆ. ಎಲ್ಲರೂ ಎಡಕ್ಕೆ. ಅವನೂ ಎಡಕ್ಕೇ ಬಂದ, ಬಿದ್ದ. ಆಟದುದ್ದಕ್ಕೂ ಇದೇ ಕಥೆ. ನಾನು ತಲೆ ಕೆರೆದುಕೊಳ್ಳುತ್ತಿದ್ದಂತೆಯೇ ನಾವು ಗೆದ್ದುಬಿಟ್ಟೆವು.

ಮುಗಿದ ಕೂಡಲೇ ಮೆಲಾಕಾ ತಂಡದ ಡಾಕ್ಟರಮ್ಮ ಸೀದಾ ನನ್ನ ಹತ್ತಿರ ಬಂದರು.

“ಎಂತ ಮಾರಾಯ್ರೆ ನೀವು! ನಾನು ಮಂಗಳೂರಿನವಳು. ನೀವು ಎಡ ಅಂದ ಕೂಡ್ಲೆ, ಅವರು ಎಡಕ್ಕೆ ಹೋಗ್ತಾರೆ, ನೀವು ಇನ್ನೊಂದು ಬದಿಗೆ ಓಡಿ ಅಂತ ನಮ್ಮವರಿಗೆ ಹೇಳಿದ್ದೇ ನಾನು. ಅಲ್ಲಿ ನೋಡಿದ್ರೆ ನಿಮ್ಮವರೇ ನಿಂತಿದ್ದಾರೆ!”

ನಾನು ನಮ್ಮ ಕ್ಯಾಪ್ಟನ್‌ನನ್ನು ಕರೆದು, ಎಡ ಯಾವುದು ತೋರಿಸು ಎಂದೆ. ಅವನು ಹೆಮ್ಮೆಯಿಂದ ಬಲಗೈ ಎತ್ತಿದ. “ನೀವು ಜೂಮ್‌ನಲ್ಲಿ ಯಾವ ಪಕ್ಕದ ಕೈ ಎತ್ತುತ್ತಿದ್ರೋ ನಾವೂ ಅದೇ ಪಕ್ಕದ ಕೈ ಎತ್ತಿದ್ವಿ, ಕೋಚ್.” ನಾನು ಅವರಿಗೆ ಎದುರಾಗಿ ನಿಂತಿದ್ದೆ, ನನ್ನ ಎಡ ಅವರಿಗೆ ಬಲ ಎಂಬುದು ಒಂದೂವರೆ ವರ್ಷ ನನಗೂ ಅವರಿಗೂ ಹೊಳೆದಿರಲಿಲ್ಲ.

ಅಷ್ಟರಲ್ಲಿ ಮೆಲಾಕಾದವರಿಂದ ವಿಷಯ ಕೇಳಿ ತಿಳಿದ ಅಧ್ಯಕ್ಷರು ಬಂದು ನನ್ನ ಬೆನ್ನು ತಟ್ಟಿದರು. “ಕೋಡಿನೊಳಗೆ ಇನ್ನೊಂದು ಕೋಡ್! ಏನು ತಲೆ ಲಾ! ನಿಮ್ಮನ್ನ ಬಿಡೋದುಂಟಾ?” ನನಗೆ ಕಣ್ಣಲ್ಲಿ ನೀರು ಬಂತು. ಪುಣ್ಯಕ್ಕೆ ಮಾಸ್ಕಿತ್ತು, ನನ್ನ ಪೆಚ್ಚುಮುಖ ಅವರಿಗೆ ಕಾಣಲಿಲ್ಲ. “ಎಲ್ಲಾ ಪ್ಲಾನ್ ಮಾಡಿದ್ದು ಸರ್,” ಎಂದುಬಿಟ್ಟೆ.

ಅವರು ಹೋದರೂ ಡಾಕ್ಟರಮ್ಮ ಅಲ್ಲೇ ನಿಂತಿದ್ದರು. ಅಭಿನಂದನೆ ಹೇಳಲಿಕ್ಕಿರಬೇಕು ಎಂದುಕೊಂಡೆ. ಅವರು ಚೀಲದಿಂದ ಔಷಧಿ ಚೀಟಿಯ ಪ್ಯಾಡನ್ನೂ ಪೆನ್ನನ್ನೂ ತೆಗೆದು ನನ್ನ ಮುಂದೆ ಹಿಡಿದರು.

“ನೀವು ಗೆದ್ರಿ, ಸರಿ. ಈಗ ನಮ್ಮ ಕೋಚ್ ನಂಗೆ ಕನ್ನಡವೇ ಬರುದಿಲ್ಲ ಅಂತಿದ್ದಾರೆ. ನಂಗೆ ಕನ್ನಡ ಬರ್ತದೆ ಅಂತ ಇದರಲ್ಲಿ ಬರ್ದು ಒಂದು ಸೈನ್ ಹಾಕಿ ಕೊಡಿ ಮಾರಾಯ್ರೆ.”