ಚಿಕ್ಕಮಾವ ಹೊಸ್ತಿಲು ಇಟ್ಟ ಜಾಗ

ನಮ್ಮ ಚಿಕ್ಕಮಾವನ ಹೊಸ ಮನೆಗೆ ಹೋದರೆ ನೀವು ಮೊದಲು ಹಾಲ್‌ನಲ್ಲಿ ಕೂರುತ್ತೀರಿ, ಟಿ.ವಿ. ನೋಡುತ್ತೀರಿ, ಊಟ ಮಾಡಿ ಕೈ ತೊಳೆಯುತ್ತೀರಿ, ಬೇಕೆನಿಸಿದರೆ ಸ್ನಾನ ಮಾಡಿ ಒಂದು ನಿದ್ದೆಯನ್ನೂ ತೆಗೆಯುತ್ತೀರಿ. ಇಷ್ಟೆಲ್ಲ ಆದ ಮೇಲೆ ಆ ಮನೆಯ ಮುಂಬಾಗಿಲು ಸಿಗುತ್ತದೆ! ಇವನು ಸುಳ್ಳು ಬಿಡುತ್ತಿದ್ದಾನೆ ಅಂತ ನಿಮಗನ್ನಿಸಿದರೆ ಬೇಜಾರಿಲ್ಲ. ಆ ಮನೆಯ ಪ್ಲಾನ್ ಬರೆದ ಇಂಜಿನಿಯರಿಗೂ ಮೊದಲ ದಿನ ಹಾಗೇ ಅನ್ನಿಸಿತ್ತು.

ಚಿಕ್ಕಮಾವ ಅಂದರೆ ನನ್ನ ತಾಯಿಯ ತಮ್ಮ. ಊರು ಮದ್ದೂರಿನ ಮಗ್ಗುಲಲ್ಲೇ. ಗೆಜ್ಜಲಗೆರೆಯ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾಗಿ ಈಗ ಕಬ್ಬು ಬೆಳೆಯುತ್ತಾರೆ, ಬಿಡುವಿದ್ದಾಗ ಊರಿನವರ ತಪ್ಪು ಹುಡುಕುತ್ತಾರೆ. ಎಲ್ಲರೂ ಮಾಡುವ ಹಾಗೆ ಅವರು ಯಾವ ಕೆಲಸವನ್ನೂ ಮಾಡಿದವರಲ್ಲ. ಕಾರ್ಖಾನೆಗೆ ಬಸ್ಸಿನಲ್ಲಿ ಹೋಗುತ್ತಿದ್ದ ಕಾಲದಲ್ಲೂ ತಲೆಗೆ ಹೆಲ್ಮೆಟ್ ಹಾಕಿಕೊಂಡೇ ಕಿಟಕಿ ಪಕ್ಕ ಕೂರುತ್ತಿದ್ದರು. ಯಾಕೆ ಅಂತ ಕೇಳಿದವರಿಗೆ, "ಬಸ್ಸು ಮಗುಚ್ಕಂಡ್ರೆ ತಲೆ ಒಡಿಯಾಕಿಲ್ವಾ?" ಎಂಬ ಉತ್ತರ ಸಿದ್ಧವಾಗಿತ್ತು. ತಪ್ಪು ಅನ್ನೋಕಾಗುತ್ತದೆಯೇ?

ಇವರಿಗೊಬ್ಬ ಅಣ್ಣ, ನಮ್ಮ ದೊಡ್ಡಮಾವ. ಹಿಂದೆ ಭಾಗವಾದಾಗ ಗದ್ದೆ, ಪಾತ್ರೆ, ನೇಗಿಲು ಎಲ್ಲ ಸಲೀಸಾಗಿ ಎರಡು ಪಾಲಾದವಂತೆ. ಕೊನೆಗೆ ಉಳಿದದ್ದು ಒಂದು ಬಂಡೂರು ಟಗರು. ಅದನ್ನು ಎರಡು ಪಾಲು ಮಾಡಬೇಕಾದರೆ ಕುಯ್ಯಬೇಕು, ಕುಯ್ಯಲು ಇಬ್ಬರಿಗೂ ಇಷ್ಟವಿಲ್ಲ. ಮಾತಿಗೆ ಮಾತು ಬೆಳೆದು ದೊಡ್ಡಮಾವ ಪಂಚರ ಮುಂದೆ, "ಮನೆದೇವ್ರಾಣೆಗೂ ನಿನ್ ಒಸ್ಲು ತುಳಿಯಾಕಿಲ್ಲ ಓಗ್ಲಾ" ಅಂದುಬಿಟ್ಟರು. ಟಗರು ಯಾವುದೋ ಕಾಲಕ್ಕೆ ವಯಸ್ಸಾಗಿ ಸತ್ತಿತು. ಜಗಳ ಅದಕ್ಕಿಂತ ಮುಂಚೆಯೇ ಸತ್ತಿತ್ತು. ಆಣೆ ಮಾತ್ರ ಗಟ್ಟಿಮುಟ್ಟಾಗಿ ಬದುಕಿತ್ತು.

ಹಾಗಂತ ಅಣ್ಣತಮ್ಮಂದಿರು ಮಾತು ಬಿಟ್ಟಿರಲಿಲ್ಲ. ದೊಡ್ಡಮಾವ ದಿನಾ ಸಂಜೆ ಬಂದು ಬೀದಿಯಲ್ಲಿ ನಿಲ್ಲುತ್ತಿದ್ದರು. ಚಿಕ್ಕಮಾವ ಒಳಗೆ ಕಿಟಕಿಗೆ ಮುಖ ಕೊಟ್ಟು ಕೂರುತ್ತಿದ್ದರು. ನಾಲೆ ನೀರು, ಕಬ್ಬಿನ ಕಟಾವು, ಯಾರ ಮನೆ ಹುಡುಗಿಗೆ ಗಂಡು ಗೊತ್ತಾಯಿತು ಎಂಬುದೆಲ್ಲ ಕಿಟಕಿ ಸರಳಿನ ನಡುವೆಯೇ ಚರ್ಚೆಯಾಗುತ್ತಿತ್ತು. ಚಿಕ್ಕಮಾವನಿಗೆ ಆಪರೇಷನ್ ಆಗಿ ಮನೆಗೆ ಬಂದಾಗ ದೊಡ್ಡಮಾವ ಬೀದಿಯಿಂದಲೇ, "ಒಲಿಗೆ ಬಿಚ್ಚುದ್ರೇನ್ಲಾ?" ಅಂತ ಕೇಳಿ ಇಡೀ ಬೀದಿಗೆ ಸುದ್ದಿ ಮುಟ್ಟಿಸಿದ್ದರು. ನಮ್ಮತ್ತೆ ಮುದ್ದೆ, ಬಸ್ಸಾರು ಮಾಡಿದ ದಿನ ತಟ್ಟೆಯನ್ನು ಬೀದಿಗೇ ಕೊಡುತ್ತಿದ್ದರು. ದೊಡ್ಡಮಾವ ನಿಂತುಕೊಂಡೇ ಉಣ್ಣುತ್ತಿದ್ದರು.

ಈಚೆಗೆ ದೊಡ್ಡಮಾವನ ಮಂಡಿಗಳು ಕೈಕೊಟ್ಟವು. ನಿಲ್ಲಲಾಗದವನು ಬೀದಿಗೆ ಬಂದು ಏನು ಮಾಡುವುದು? ಬರುವುದು ನಿಂತಿತು. ಹಳೇ ಮನೆ ಕೆಡವಿ ಕಟ್ಟಿಸುತ್ತೇನೆ ಅಂತ ಚಿಕ್ಕಮಾವ ಹೊರಟದ್ದು ಆಗಲೇ.

"ನೀವೇ ಅವರ ಮನೆಗೆ ಹೋಗಿ ಮಾತಾಡಿಸ್ಕೊಂಡು ಬಂದ್ರೆ ಆಗಲ್ವಾ ಮಾವ?" ಅಂದೆ.

"ದಿನಾ ಓಯ್ತೀನಿ ಕಣಳಿಯ. ನಾನ್ ಓಗೋದು ಬ್ಯಾರೆ, ಅವ್ನು ಬರೋದು ಬ್ಯಾರೆ. ಅಣ್ಣ ಅನ್ನಿಸ್ಕಂಡೋನು ನನ್ ಮನೇಲಿ ಒಂದ್ಸಲ ಕುಂತ್ಕಂಡು ಉಣ್ಬೇಕು. ಅಷ್ಟೇಯ."

ಮಂಡ್ಯದಲ್ಲಿ ಮೇಷ್ಟರಾಗಿರುವ ನಾನು ನನ್ನ ಪರಿಚಯದ ಇಂಜಿನಿಯರನ್ನು ಕರೆದುಕೊಂಡು ಹೋದೆ. ನಾವು ಹೋದಾಗ ಖಾಲಿ ಸೈಟಿನಲ್ಲಿ ಚಿಕ್ಕಮಾವ ಕಬ್ಬಿನ ಜಲ್ಲೆಯೊಂದನ್ನು ಊರಿಕೊಂಡು, ಸೊಂಟ ಬಗ್ಗಿಸಿ, ಕಾಲೆಳೆಯುತ್ತಾ ಓಡಾಡುತ್ತಿದ್ದರು.

"ಯಜಮಾನ್ರೇ, ಕಾಲಿಗೇನಾಯ್ತು?" ಇಂಜಿನಿಯರು ಗಾಬರಿಯಾದರು.

"ಇದು ನಮ್ಮಣ್ಣನ ಕಾಲು. ಅವ್ನು ಎಲ್ಲಿಗೆ ಬರೋವತ್ಗೆ ಸುಸ್ತಾಯ್ತನೆ ಅಂತ ನೋಡ್ತಾವ್ನಿ."

ಸುಸ್ತಾದ ಜಾಗದಲ್ಲಿ ಒಂದು ಗೂಟ ಹೊಡೆದರು. ಅಲ್ಲಿ ಕುರ್ಚಿ ಬರಬೇಕು, ಕುರ್ಚಿಯ ಸುತ್ತ ಹಾಲ್ ಬರಬೇಕು, ಹೊಸ್ತಿಲು ಹಾಲ್‌ನ ಆಚೆಗೆ ಬರಬೇಕು! ಇಂಜಿನಿಯರು ಎಷ್ಟೋ ಮನೆಗಳ ಪ್ಲಾನ್ ಮಾಡಿದವರು. ಆದರೆ ಕುರ್ಚಿಯಿಂದ ಶುರುವಾಗುವ ಮನೆ ಅವರಿಗೂ ಹೊಸದು.

"ಮುಂದೆ ಬಾಗಿಲೇ ಇಲ್ದಿದ್ರೆ ಕಳ್ಳರು ಬರಲ್ವಾ?"

"ಗ್ರಿಲ್ ಗೇಟ್ ಮಡಗಿ. ಗೇಟಿಗೆ ಒಸ್ಲು ಇರಾಕಿಲ್ವಲ್ಲ. ಕೆಳಗಡೆ ಒಂದು ಪಟ್ಟೀನೂ ಬರ್ಕೂಡ್ದು, ನೆಲ ಸಪಾಟಾಗಿರ್ಲಿ. ಅವ್ನಿಗೆ ಅನುಮಾನ ಜಾಸ್ತಿ."

ತಮಗೂ ಅನುಮಾನ ಉಳಿಯಬಾರದು ಅಂತ ಪುರೋಹಿತರ ಬಳಿ ಹೋಗಿ, ಹೊಸ್ತಿಲು ಅಂದರೆ ಯಾವುದು ಎಂದು ಬಿಡಿಸಿ ಕೇಳಿಕೊಂಡು ಬಂದರು. ಪೂಜೆ ಮಾಡಿ ನಿಲ್ಲಿಸಿದ ಮುಂಬಾಗಿಲಿನ ವಾಸಕಾಲಿನ ಕೆಳಗಿರುವುದೇ ಹೊಸ್ತಿಲು, ಮಿಕ್ಕದ್ದೆಲ್ಲ ಬರೀ ಮರ ಅಂದರಂತೆ ಅವರು. ಪಾಪ, ತಾವು ಯಾವ ಮೊಕದ್ದಮೆಗೆ ತೀರ್ಪು ಕೊಡುತ್ತಿದ್ದೇವೆ ಅಂತ ಅವರಿಗೇನು ಗೊತ್ತು? ಆಮೇಲೆ ವಿಷಯ ತಿಳಿದು, ಆಣೆ ಬಿಡಿಸಲು ದೇವರಿಗೆ ತಪ್ಪುಕಾಣಿಕೆ ಹಾಕುವ ದಾರಿಯೂ ಇದೆಯಲ್ಲ ಎಂದು ಅವರೇ ಹೇಳಿದ್ದನ್ನು ಮಾತ್ರ ಮಾವ ಕೇಳಿಸಿಕೊಳ್ಳಲಿಲ್ಲ.

ಅಲ್ಲಿಂದ ಮುಂದೆ ಹೊಸ್ತಿಲಿಗೆ ಕಾಲು ಬಂತು. ಪ್ಲಾನು ಬದಲಾದಾಗಲೆಲ್ಲ ಅದು ಹಿಂದಕ್ಕೆ ನಡೆಯಿತು. ಅಣ್ಣನಿಗೆ ಸಕ್ಕರೆ ಕಾಯಿಲೆ, ಪದೇ ಪದೇ ಎದ್ದು ಹೋಗಬೇಕು, ಆದ್ದರಿಂದ ಬಚ್ಚಲು ಹೊಸ್ತಿಲಿನ ಈಚೆಗೆ ಬಂತು. ಊಟದ ಜಾಗ ಈಚೆಗೆ ಬಂತು. ಉಂಡವನು ಮಲಗುವುದು ಬೇಡವೇ? ಮಂಚದ ರೂಮೂ ಈಚೆಗೆ ಬಂತು. ಹೊಸ್ತಿಲಿನ ಒಳಗೆ ಉಳಿದದ್ದು ಅಡುಗೆಮನೆ, ದೇವರಮನೆ, ಗಂಡಹೆಂಡತಿಗೆ ಒಂದು ಸಣ್ಣ ಕೋಣೆ.

"ನಿಮ್ಮಣ್ಣಂಗೆ ಮನೆ, ನಂಗೆ ಬಾಗ್ಲು. ಒಳ್ಳೆ ಭಾಗವಾಯ್ತು ಬುಡಿ," ಅಂದರು ಅತ್ತೆ.

ಇನ್ನು ಮುಂದೆ ಹೊಸ್ತಿಲ ರಂಗೋಲಿಯನ್ನು ಸೋಫಾ ಪಕ್ಕದಲ್ಲಿ ಹಾಕಬೇಕಲ್ಲ ಅನ್ನುವುದು ಅವರ ಸಂಕಟ. ಆದರೂ ಅವರು ಇಂಜಿನಿಯರನ್ನು ಪಕ್ಕಕ್ಕೆ ಕರೆದು, "ಒಲೆ ಮುಂದೆ ನಿಂತ್ರೆ ಬಾವ ಉಣ್ಣೋದು ಕಾಣಂಗೆ ಒಂದು ಕಿಂಡಿ ಮಡಗ್ಬುಡಿ. ಇನ್ನೊಂಚೂರು ಬಡ್ಸಿ ಅಂತ ಬಾಯ್ಬುಟ್ಟು ಕೇಳೋ ಪೈಕಿ ಅಲ್ಲ ಅವ್ರು," ಎಂದದ್ದನ್ನು ನಾನು ಕೇಳಿಸಿಕೊಂಡೆ. ಪ್ಲಾನಿನಲ್ಲಿ ಅತ್ತೆ ಕೇಳಿದ ಬದಲಾವಣೆ ಅದೊಂದೇ.

ಗೋಡೆ ಎದ್ದು ತಾರಸಿ ಬಿದ್ದ ಮೇಲೆ ಊರಿಗೆ ಊರೇ ತಲೆ ಕೆಡಿಸಿಕೊಂಡಿತು. ಯಾರೋ ಬಂದು, ಟ್ಯೂಷನ್ ನಡೆಸಲು ಬಾಡಿಗೆಗೆ ಕೊಡುತ್ತೀರಾ ಅಂತ ವಿಚಾರಿಸಿದರು. ಒಂದು ಬಿಸಿಲಿನ ದಿನ ಅಪರಿಚಿತರಿಬ್ಬರು ಚೀಲದ ಸಮೇತ ಒಳಗೆ ಕೂತು, ಮಳವಳ್ಳಿ ಬಸ್ಸು ಎಷ್ಟು ಹೊತ್ತಿಗೆ ಅಂತ ಅತ್ತೆಯನ್ನೇ ಕೇಳಿದರಂತೆ. ಅತ್ತೆ ಅವರಿಗೆ ಮಜ್ಜಿಗೆ ಕೊಟ್ಟು ಕಳಿಸಿದರು. ಚಿಕ್ಕಮಾವನಿಗೆ ಇದರಿಂದ ಅವಮಾನವಾಯಿತು ಅಂದುಕೊಂಡಿರಾ? "ನೋಡ್ದಾ, ಗುರ್ತಿಲ್ದೋರ್ಗೂ ಇದು ಮನೆ ಅನ್ನಿಸ್ನಿಲ್ಲ. ಅಣ್ಣ ಧೈರ್ಯವಾಗಿ ಬತ್ತನೆ," ಅಂತ ಬೀಗಿದರು.

ಗೃಹಪ್ರವೇಶದ ದಿನ ಪೂಜೆ ಮುಗಿದು ಎಲೆ ಹಾಕುವ ಹೊತ್ತಾದರೂ ದೊಡ್ಡಮಾವನ ಸುಳಿವಿಲ್ಲ. ಚಿಕ್ಕಮಾವ ಯಾರ ಮಾತಿಗೂ ಕಿವಿಗೊಡದೆ ಗೇಟಿನಲ್ಲೇ ನಿಂತಿದ್ದರು. ಹೊಸ ಪಂಚೆಯ ಅಂಚನ್ನು ಬೆರಳಿನಲ್ಲಿ ಸುತ್ತುವುದು, ಬಿಡುವುದು, ಇದೇ ಕೆಲಸ. ಅವರ ಮುಖ ನೋಡಿ ಮೊದಲ ಬಾರಿಗೆ ನನಗೆ ತಮಾಷೆ ಮಾಡುವ ಮನಸ್ಸಾಗಲಿಲ್ಲ.

ಕೊನೆಗೆ ಆಟೋ ಬಂತು. ದೊಡ್ಡಮಾವ ಇಳಿದು ಕೋಲೂರಿಕೊಂಡು ಗೇಟಿನವರೆಗೆ ಬಂದರು. ನೆಲ ನೋಡಿದರು, ಕೋಲಿನಿಂದ ಒಮ್ಮೆ ತಡವಿದರು. ಎತ್ತರವಿಲ್ಲ, ಪಟ್ಟಿಯಿಲ್ಲ. ಒಳಗೆ ಬಂದು ಕುರ್ಚಿಯಲ್ಲಿ ಉಸ್ಸೆಂದು ಕೂತರು.

"ಒಸ್ಲು ಎಲ್ಲದ್ಲಾ?"

ಚಿಕ್ಕಮಾವ ಹಿಂದಕ್ಕೆ ಕೈ ತೋರಿಸಿದರು. ಹಾಲ್ ದಾಟಿ, ಊಟದ ಜಾಗ ದಾಟಿ, ಮಂಚದ ರೂಮಿನ ಆಚೆ, ಅರಿಶಿನ ಕುಂಕುಮ ಹಚ್ಚಿಕೊಂಡು ಅದು ಅಲ್ಲೆಲ್ಲೋ ಕೂತಿತ್ತು. ದೊಡ್ಡಮಾವ ಕುರ್ಚಿಯಲ್ಲೇ ತಿರುಗಿ ಆ ಕಡೆ ನೋಡಿದರು.

"ಬಡ್ಡೆತ್ತದೆ, ಮನೆಯೆಲ್ಲಾ ಕೆಡಿಸ್ಕಂಡಿದ್ದೀಯಲ್ಲೋ. ಒಂದ್ ಮಾತು ಒಳಕ್ಕೆ ಬಾ ಅಂದಿದ್ರೆ ಆಣೆ ಮುರ್ಕಂಡೇ ಬತ್ತಿದ್ನಲ್ಲೋ ನಾನು."

"ಬತ್ತಿದ್ದೆ ಅಂತ ಗೊತ್ತು ಕಣಣ್ಣ," ಅಂದರು ಚಿಕ್ಕಮಾವ. "ನೀನ್ ಮಾತು ಮುರಿಯೋದ್ನ ನಾನ್ ನೋಡ್ಬಾರ್ದು ಅಂತ್ಲೇ ಒಳಕ್ಕೆ ಕರೀನಿಲ್ಲ."

ಅಡುಗೆಮನೆಯ ಕಿಂಡಿಯಲ್ಲಿ ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಚಿಕ್ಕಮಾವ ಅಣ್ಣನಿಗೆ ಎಲೆ ಹಾಕಿಸಿ, ಪಕ್ಕದಲ್ಲೇ ಇನ್ನೊಂದು ಎಲೆ ಹಾಕಿಸಿಕೊಂಡು ತಾವೂ ಊಟಕ್ಕೆ ಕೂತರು.